ಪ್ರಾಂಪ್ಟ್ ಬರುವ ಮುನ್ನ

1960ರ ದಶಕದ ನಡುವಿನ ಮಾತು. ಅಮೆರಿಕದ ಎಂಐಟಿಯಲ್ಲಿದ್ದ ಐಬಿಎಂ 7094 ಎಂಬ ದೈತ್ಯ ಯಂತ್ರದ ಮೇಲೆ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಓಡುತ್ತಿತ್ತು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ತಂತಮ್ಮ ಟರ್ಮಿನಲ್‌ಗಳಲ್ಲಿ ಕೂತು ಬಳಸಬಹುದೆಂದು ತೋರಿಸಿಕೊಟ್ಟ ಮೊದಮೊದಲ ವ್ಯವಸ್ಥೆಗಳಲ್ಲಿ ಅದೂ ಒಂದು. ಟರ್ಮಿನಲ್ ಎಂದರೆ ಆಗ ಪರದೆಯಲ್ಲ, ಕಾಗದದ ಮೇಲೆ ಟಕಟಕನೆ ಅಚ್ಚೊತ್ತುವ ಟೈಪ್‌ರೈಟರ್. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರಿಗೆ ಯಂತ್ರ ಮೊದಲು 'ದಿನದ ಸಂದೇಶ'ವೊಂದನ್ನು ಮುದ್ರಿಸಿ ಕೊಡುತ್ತಿತ್ತು. ಒಂದು ದಿನ ಆ ಸಂದೇಶದ ಜಾಗದಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡ್ ಪಟ್ಟಿ ಅಚ್ಚಾಗತೊಡಗಿತು. ಲಾಗಿನ್ ಆದ ಪ್ರತಿಯೊಬ್ಬರಿಗೂ!

ಇದು ಯಾರ ಕಿತಾಪತಿಯೂ ಅಲ್ಲ. ಅಲ್ಲಿನ ಎಡಿಟರ್ ತಂತ್ರಾಂಶ ಕಡತವೊಂದನ್ನು ತಿದ್ದುವಾಗ ತಾತ್ಕಾಲಿಕ ಪ್ರತಿಯೊಂದನ್ನು ಇಟ್ಟುಕೊಳ್ಳುತ್ತಿತ್ತು. ಆ ಪ್ರತಿಗೆ ಯಾವಾಗಲೂ ಒಂದೇ ಹೆಸರು. ಒಂದು ಡೈರೆಕ್ಟರಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೆಲಸ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆ ಅದನ್ನು ಬರೆದಿದ್ದರು. ಆದರೆ ವ್ಯವಸ್ಥೆಯ ಉಸ್ತುವಾರಿ ನೋಡುವವರು ಒಂದೇ ಡೈರೆಕ್ಟರಿಯನ್ನು ಹಂಚಿಕೊಂಡಿದ್ದರು. ಒಬ್ಬರು ದಿನದ ಸಂದೇಶ ತಿದ್ದುತ್ತಿದ್ದಾಗಲೇ ಇನ್ನೊಬ್ಬರು ಪಾಸ್‌ವರ್ಡ್ ಕಡತ ತೆರೆದರು. ತಾತ್ಕಾಲಿಕ ಪ್ರತಿಗಳು ಅದಲುಬದಲಾದವು. ಸಿಟಿಎಸ್‌ಎಸ್ ತಂಡದ ಮುಖ್ಯಸ್ಥರಾಗಿದ್ದ ಫರ್ನಾಂಡೊ ಕೊರ್ಬಾಟೊ ಮುಂದೆ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ, ತಮ್ಮ ಉಪನ್ಯಾಸದಲ್ಲಿ ಈ ಘಟನೆಯನ್ನು ತಾವೇ ಹೇಳಿಕೊಂಡರು.

ಅದೇ ಯಂತ್ರದಲ್ಲಿ ಫ್ರಾನ್ಸಿನ ಲೂಯಿ ಪೂಜ಼ಾನ್ ಇನ್ನೊಂದು ಅನುಕೂಲ ಮಾಡಿಕೊಟ್ಟಿದ್ದರು. ದಿನವೂ ಕೊಡುವ ಆಜ್ಞೆಗಳನ್ನು ಮತ್ತೆ ಮತ್ತೆ ಟೈಪ್ ಮಾಡುವ ಬದಲು ಒಂದು ಕಡತದಲ್ಲಿ ಬರೆದಿಟ್ಟು, ಒಂದೇ ಏಟಿಗೆ ಸಾಲಾಗಿ ಓಡಿಸುವುದು. ಅದಕ್ಕೆ ರನ್‌ಕಾಮ್ ಎಂದು ಹೆಸರು. ಇಂದು ನಿಮ್ಮ ಲಿನಕ್ಸ್‌ನಲ್ಲಿ ಬ್ಯಾಶ್‌ಆರ್‌ಸಿ, ಆರ್‌ಸಿ-ಲೋಕಲ್ ಎಂದೆಲ್ಲ ಕಾಣುವ 'ಆರ್‌ಸಿ' ಆ ರನ್‌ಕಾಮ್‌ನ ಪಳೆಯುಳಿಕೆ. ಯಂತ್ರ ಏಳುವಾಗ ಸ್ಕ್ರಿಪ್ಟ್ ಓಡಿಸುವುದು, ಮನುಷ್ಯ ಒಳಬಂದಾಗ ಸಂದೇಶ ತೋರಿಸುವುದು ಎರಡೂ ಹೀಗೆ ಒಂದೇ ಊರಿನವು. ಎರಡರ ತೊಡಕೂ ಇವತ್ತಿಗೂ ಒಂದೇ. ಸ್ಕ್ರಿಪ್ಟ್ ಬರೆಯುವುದು ಕಷ್ಟವಲ್ಲ. ಅದು ಯಾವ ಗಳಿಗೆಯಲ್ಲಿ, ಯಾರ ಅಧಿಕಾರದಲ್ಲಿ, ಯಾರ ಕಣ್ಣೆದುರು ಓಡುತ್ತದೆ ಎಂಬುದನ್ನು ಸರಿಯಾಗಿ ತಿಳಿದಿರುವುದು ಕಷ್ಟ.

ಹಾಗಾಗಿ ಮೊದಲು ಗಳಿಗೆಗಳ ಲೆಕ್ಕ. ಸ್ವಿಚ್ ಒತ್ತಿದ ಕೂಡಲೇ ಎಚ್ಚರಗೊಳ್ಳುವುದು ಲಿನಕ್ಸ್ ಅಲ್ಲ, ಮದರ್‌ಬೋರ್ಡಿನ ಮೇಲಿರುವ ಫರ್ಮ್‌ವೇರ್. ಈಗಿನ ಯಂತ್ರಗಳಲ್ಲಿ ಅದರ ಹೆಸರು ಯುಇಎಫ್‌ಐ. ಅದು ಡಿಸ್ಕಿನಿಂದ ಗ್ರಬ್‌ನಂಥ ಬೂಟ್‌ಲೋಡರನ್ನು ಎತ್ತಿಕೊಂಡು ಓಡಿಸುತ್ತದೆ. ಗ್ರಬ್ ಎರಡು ಕಡತಗಳನ್ನು ಮೆಮೊರಿಗೆ ತುಂಬುತ್ತದೆ: ಒಂದು ಕರ್ನಲ್, ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಡತ ವ್ಯವಸ್ಥೆ. ಈ ಎರಡನೆಯದು ಯಾಕೆ ಬೇಕು? ಡಿಸ್ಕನ್ನು ಓದಲು ಬೇಕಾದ ಡ್ರೈವರ್ ಆ ಡಿಸ್ಕಿನ ಒಳಗೇ ಇದ್ದರೆ ಓದುವುದು ಹೇಗೆ? ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಈ ಪೇಚಿನಿಂದ ಪಾರಾಗಲು ಅಗತ್ಯದ ಡ್ರೈವರ್‌ಗಳನ್ನೂ ಸಲಕರಣೆಗಳನ್ನೂ ಮೊದಲೇ ಮೆಮೊರಿಗೆ ತಂದಿಟ್ಟುಕೊಳ್ಳುತ್ತಾರೆ. ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಪಾಸ್‌ವರ್ಡ್ ಕೇಳುವುದೂ ಇಲ್ಲಿಂದಲೇ.

ನಿಜವಾದ ಡಿಸ್ಕ್ ಕೈಗೆ ಸಿಕ್ಕ ಮೇಲೆ ಅದರಲ್ಲಿರುವ ಮೊದಲ ಪ್ರೋಗ್ರಾಂ ಶುರುವಾಗುತ್ತದೆ. ಅದಕ್ಕೆ ಇನಿಟ್ ಎಂದು ಹೆಸರು, ಪ್ರಕ್ರಿಯೆ ಸಂಖ್ಯೆ 1. ಎಲ್ಲಿ ಹುಡುಕಬೇಕೆಂದು ಯಾರೂ ಹೇಳದಿದ್ದರೆ ಕರ್ನಲ್ ಎಸ್‌ಬಿನ್, ಎಟ್‌ಸಿ, ಬಿನ್ ಎಂಬ ಡೈರೆಕ್ಟರಿಗಳಲ್ಲಿ ಒಂದಾದ ಮೇಲೊಂದರಂತೆ ಇನಿಟ್ ಹೆಸರಿನ ಕಡತವನ್ನು ಹುಡುಕುತ್ತದೆ. ಯಾವುದೂ ಸಿಗದಿದ್ದರೆ ಕೊನೆಗೆ ಒಂದು ಶೆಲ್ಲನ್ನಾದರೂ ಓಡಿಸಲು ನೋಡುತ್ತದೆ. ಅದೂ ಇಲ್ಲವೆಂದರೆ 'ಪ್ಯಾನಿಕ್' ಎಂದು ಬರೆದು ಕೈಚೆಲ್ಲಿ ಕೂರುತ್ತದೆ. ಒಂದನೇ ಸಂಖ್ಯೆಯ ಈ ಪ್ರಕ್ರಿಯೆಗೆ ಬೇರೆ ಯಾರಿಗೂ ಇಲ್ಲದ ಜವಾಬ್ದಾರಿಯಿದೆ. ತಂದೆ ಪ್ರಕ್ರಿಯೆ ಸತ್ತು ಅನಾಥವಾದ ಮಕ್ಕಳು ಸಾಮಾನ್ಯವಾಗಿ ಇದರ ಮಡಿಲಿಗೇ ಬಂದು ಬೀಳುತ್ತವೆ. ಇದು ಸತ್ತರೆ ಕರ್ನಲ್ಲೂ ನಿಲ್ಲುತ್ತದೆ.

ಗ್ರಬ್‌ನ ಪರದೆಯಲ್ಲಿ ಕರ್ನಲ್‌ಗೆ ಕೊಡುವ ಸಾಲನ್ನು ತಿದ್ದಿ, ಇನಿಟ್ ಬದಲು ನೇರವಾಗಿ ಬ್ಯಾಶ್ ಶೆಲ್ಲನ್ನೇ ಮೊದಲ ಪ್ರೋಗ್ರಾಂ ಆಗಿ ಓಡಿಸುವಂತೆ ಹೇಳಬಹುದು. ಗ್ರಬ್‌ಗೆ ಬೀಗವಿಲ್ಲದಿದ್ದರೆ, ಡಿಸ್ಕ್ ಗೂಢಲಿಪಿಯಲ್ಲಿ ಇಲ್ಲದಿದ್ದರೆ, ಪಾಸ್‌ವರ್ಡಿನ ಗೊಡವೆಯೇ ಇಲ್ಲದೆ ರೂಟ್ ಅಧಿಕಾರ ಕೈಗೆ ಬರುತ್ತದೆ. ಪಾಸ್‌ವರ್ಡ್ ಮರೆತ ಮಾಲೀಕರಿಗೆ ವರ, ಲ್ಯಾಪ್‌ಟಾಪ್ ಕದ್ದವರಿಗೂ ವರ. ಯಂತ್ರವೇ ಕೈಗೆ ಸಿಕ್ಕವನ ಮುಂದೆ ಲಾಗಿನ್ ಪರದೆಯೊಂದೇ ಕಾವಲಾಗಲಾರದು.

ಇನ್ನು ಆರ್‌ಸಿ ಕತೆ. 1979ರ ಯೂನಿಕ್ಸ್ ಏಳನೇ ಆವೃತ್ತಿಯಲ್ಲಿ ಯಂತ್ರ ಏಳುವಾಗ ಮಾಡಬೇಕಾದ ಕೆಲಸಗಳೆಲ್ಲ ಎಟ್‌ಸಿ ಡೈರೆಕ್ಟರಿಯ ಆರ್‌ಸಿ ಎಂಬ ಒಂದೇ ಸಣ್ಣ ಶೆಲ್ ಸ್ಕ್ರಿಪ್ಟಿನಲ್ಲಿದ್ದವು. ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಬಂದಾಗ ಅದು ಹಲವು ಸ್ಕ್ರಿಪ್ಟ್‌ಗಳಾಗಿ ಒಡೆಯಿತು, ರನ್‌ಲೆವೆಲ್ ಎಂಬ ಹಂತಗಳು ಬಂದವು. ಲಿನಕ್ಸ್ ಹಂಚಿಕೆಗಳು ಬಹುಕಾಲ ಈ ಪದ್ಧತಿಯನ್ನೇ ಪಾಲಿಸಿದವು. ಒಂದೊಂದು ಹಂತಕ್ಕೆ ಒಂದು ಡೈರೆಕ್ಟರಿ. ಅದರೊಳಗೆ ಎಸ್ ಅಥವಾ ಕೆ ಅಕ್ಷರದಿಂದ ಶುರುವಾಗಿ ಎರಡಂಕಿಯ ಸಂಖ್ಯೆ ಹೊತ್ತ ಕೊಂಡಿಗಳು. ಎಸ್ ಎಂದರೆ ಶುರು ಮಾಡು, ಕೆ ಎಂದರೆ ನಿಲ್ಲಿಸು, ಸಂಖ್ಯೆ ಸರದಿ ಹೇಳುತ್ತದೆ. ಓದಿದರೆ ಯಾರಿಗೂ ತಿಳಿಯುವಷ್ಟು ಸರಳ. ಆದರೆ ಒಂದು ಸ್ಕ್ರಿಪ್ಟ್ ಹತ್ತು ಸೆಕೆಂಡ್ ಸುಮ್ಮನೆ ಕಾದರೆ ಸಾಲಿನಲ್ಲಿ ಹಿಂದಿರುವ ಎಲ್ಲವೂ ಕಾಯಬೇಕು.

2010ರ ಏಪ್ರಿಲ್ 30ರಂದು ಲೆನಾರ್ಟ್ ಪಾಟರಿಂಗ್ ಒಂದು ದೀರ್ಘ ಬರಹ ಪ್ರಕಟಿಸಿ, ಒಂದನೇ ಪ್ರಕ್ರಿಯೆಯನ್ನು ಬುಡದಿಂದ ಮತ್ತೆ ಯೋಚಿಸಬೇಕೆಂದು ವಾದಿಸಿದರು. ಕೇ ಸೀವರ್ಸ್ ಜತೆ ಕಟ್ಟಿದ ಸಿಸ್ಟಮ್‌ಡಿ ಆ ವಾದದ ಫಲ. ಆಪಲ್‌ನ ಲಾಂಚ್‌ಡಿಯಿಂದ ಅದು ಪಡೆದ ಒಂದು ಯೋಚನೆ ಜಾಣತನದ್ದು. ಸೇವೆಗಳು ಶುರುವಾಗುವ ಮೊದಲೇ ಅವುಗಳ ಸಾಕೆಟ್‌ಗಳನ್ನು, ಅಂದರೆ ಮಾತುಕತೆಯ ಕಿಂಡಿಗಳನ್ನು, ಸಿಸ್ಟಮ್‌ಡಿಯೇ ತೆರೆದಿಡುತ್ತದೆ. ಯಾರಾದರೂ ಆ ಕಿಂಡಿಯಲ್ಲಿ ಮಾತು ಹಾಕಿದರೆ ಅದು ಸರದಿಯಲ್ಲಿ ಉಳಿದಿರುತ್ತದೆ, ಸೇವೆ ಎದ್ದ ಮೇಲೆ ಉತ್ತರ ಕೊಡುತ್ತದೆ. ಹೀಗಾಗಿ ಎಷ್ಟೋ ಸೇವೆಗಳು ಒಂದಕ್ಕೊಂದು ಕಾಯದೆ ಒಟ್ಟಿಗೆ ಏಳಬಹುದು. 2011ರ ಫೆಡೋರಾ 15ರಲ್ಲಿ ಇದು ನೆಲೆಯಾಯಿತು. ಡೆಬಿಯನ್‌ನಲ್ಲಿ ಮಹಾಭಾರತವೇ ನಡೆದು, 2014ರ ಫೆಬ್ರವರಿಯಲ್ಲಿ ಅದರ ತಾಂತ್ರಿಕ ಸಮಿತಿ ಸಿಸ್ಟಮ್‌ಡಿ ಪರ ತೀರ್ಮಾನಿಸಿತು. ಒಪ್ಪದವರು ಬೇರೆಯಾಗಿ ದೇವುವಾನ್ ಎಂಬ ಹಂಚಿಕೆ ಕಟ್ಟಿಕೊಂಡರು. ಸಿಸ್ಟಮ್‌ಡಿ ತನ್ನ ಕೆಲಸವನ್ನು ಮೀರಿ ಎಲ್ಲದಕ್ಕೂ ಕೈಹಾಕುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಬಿದ್ದುಹೋದ ಸೇವೆಯನ್ನು ಮತ್ತೆ ಎಬ್ಬಿಸುವುದನ್ನು, ಅದು ಬಿದ್ದದ್ದೇಕೆಂದು ದಾಖಲಿಸುವುದನ್ನು ಹಳೆಯ ಸ್ಕ್ರಿಪ್ಟ್‌ಗಳು ಇಷ್ಟು ಅಚ್ಚುಕಟ್ಟಾಗಿ ಎಂದೂ ಮಾಡಿರಲಿಲ್ಲ.

ಈಗ ನಿಮ್ಮ ಬಳಿ ಒಂದು ಸ್ಕ್ರಿಪ್ಟ್ ಇದೆ, ಯಂತ್ರ ಎದ್ದಾಗಲೆಲ್ಲ ಓಡಬೇಕು. ಮೂರು ದಾರಿಗಳು. ಹಳೆಯ ಅಭ್ಯಾಸದವರು ಆರ್‌ಸಿ-ಲೋಕಲ್ ಕಡತದಲ್ಲಿ ಬರೆಯುತ್ತಾರೆ. ಎಷ್ಟೋ ಹಂಚಿಕೆಗಳಲ್ಲಿ ಸಿಸ್ಟಮ್‌ಡಿ ಇದನ್ನು ಇನ್ನೂ ಗೌರವಿಸುತ್ತದೆ, ಆದರೆ ಕಡತಕ್ಕೆ 'ಓಡಿಸಬಹುದು' ಎಂಬ ಅನುಮತಿ ಇದ್ದರೆ ಮಾತ್ರ. ಇಲ್ಲದಿದ್ದರೆ ಸದ್ದಿಲ್ಲದೆ ದಾಟಿಹೋಗುತ್ತದೆ. ಎರಡನೆಯದು ಕ್ರಾನ್. ಅದರ ಪಟ್ಟಿಯಲ್ಲಿ ಗಂಟೆ ನಿಮಿಷಗಳ ಬದಲು 'ಎಟ್ ರೀಬೂಟ್' ಎಂದು ಬರೆದರೆ ಕ್ರಾನ್ ಡೀಮನ್ ಎದ್ದಾಗ ಒಮ್ಮೆ ಓಡುತ್ತದೆ. ರೂಟ್ ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರರಿಗೆ ಇದು ಸುಲಭದ ದಾರಿ. ಮೂರನೆಯದು ಸಿಸ್ಟಮ್‌ಡಿಗೆ ಒಂದು ಯುನಿಟ್ ಕಡತ ಬರೆಯುವುದು, ಹತ್ತು ಸಾಲಿನೊಳಗಿನ ಕೆಲಸ. ಯಾವುದರ ನಂತರ ಓಡಬೇಕು, ಯಾವ ಬಳಕೆದಾರನಾಗಿ ಓಡಬೇಕು, ಒಮ್ಮೆ ಓಡಿ ಮುಗಿಯುವುದೋ ಸದಾ ಓಡುತ್ತಿರುವುದೋ ಎಲ್ಲವನ್ನೂ ಅಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳಬೇಕಾಗಿ ಬರುವುದರಿಂದಲೇ ನನಗೆ ಈ ದಾರಿ ಮೆಚ್ಚುಗೆ. ಅಂದಹಾಗೆ, ಯುನಿಟ್ಟನ್ನು 'ಎನೇಬಲ್' ಮಾಡಿದಾಗ ಸಿಸ್ಟಮ್‌ಡಿ ಮಾಡುವುದು ಒಂದು ಡೈರೆಕ್ಟರಿಯಲ್ಲಿ ಒಂದು ಕೊಂಡಿ ಹಾಕುವುದಷ್ಟೇ. ಇಷ್ಟೆಲ್ಲ ಜಗಳವಾದ ಮೇಲೂ ಸಿಸ್ಟಮ್ ಫೈವ್‌ನ ಆ ಹಳೆಯ ಚಾಳಿ ಉಳಿದುಕೊಂಡಿದೆ.

'ಕೈಯಿಂದ ಓಡಿಸಿದರೆ ಓಡುತ್ತೆ, ಬೂಟ್ ಆಗುವಾಗ ಮಾತ್ರ ಓಡಲ್ಲ' ಎಂಬ ಗೋಳು ಲಿನಕ್ಸ್ ಬಳಸುವವರಲ್ಲಿ ಸರ್ವೇಸಾಮಾನ್ಯ. ಕಾರಣಗಳು ಹೆಚ್ಚಾಗಿ ಎರಡೇ. ನೀವು ಟರ್ಮಿನಲ್‌ನಲ್ಲಿ ಕೂತಿರುವಾಗ ನಿಮ್ಮ ಸುತ್ತ ಒಂದು ಸಂಸಾರವೇ ಇರುತ್ತದೆ. ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಾತ್ ಪಟ್ಟಿ, ನಿಮ್ಮ ಹೋಮ್ ಡೈರೆಕ್ಟರಿ, ನಿಮ್ಮ ಭಾಷೆಯ ಆಯ್ಕೆ, ಉತ್ತರ ತೋರಿಸಲು ಪರದೆ. ಬೂಟ್ ಹೊತ್ತಿನಲ್ಲಿ ಓಡುವ ಸ್ಕ್ರಿಪ್ಟ್‌ಗೆ ಇವು ಬಹುಪಾಲು ಇರುವುದಿಲ್ಲ. ಆದ್ದರಿಂದ ಆಜ್ಞೆಗಳ ಪೂರ್ತಿ ವಿಳಾಸ ಬರೆಯಬೇಕು. ಸ್ಕ್ರಿಪ್ಟ್ ಹೇಳುವ ಮಾತು ಪರದೆಗೆ ಬರದೆ ಸಿಸ್ಟಮ್‌ಡಿಯ ಜರ್ನಲ್ ಸೇರುತ್ತದೆ, ಅಲ್ಲಿ ಹೋಗಿ ಓದಬೇಕು.

ಎರಡನೆಯ ಕಾರಣ ನೆಟ್‌ವರ್ಕ್. ಸಿಸ್ಟಮ್‌ಡಿಯಲ್ಲಿ 'ನೆಟ್‌ವರ್ಕ್ ಟಾರ್ಗೆಟ್' ನಂತರ ಓಡು ಎಂದರೆ ನೆಟ್‌ವರ್ಕ್ ನೋಡಿಕೊಳ್ಳುವ ತಂತ್ರಾಂಶ ಶುರುವಾಗಿದೆ ಎಂದಷ್ಟೇ ಅರ್ಥ. ವೈಫೈ ಕೂಡಿಕೊಂಡಿದೆ, ಐಪಿ ವಿಳಾಸ ಸಿಕ್ಕಿದೆ ಎಂದಲ್ಲ. ಅದಕ್ಕೆ 'ನೆಟ್‌ವರ್ಕ್ ಆನ್‌ಲೈನ್' ಎಂಬ ಬೇರೆಯೇ ಟಾರ್ಗೆಟ್ ಇದೆ. ಅದರ ನಂತರ ಓಡಬೇಕೆಂದು ಹೇಳಿದರೆ ಸಾಲದು, ಅದು ಬೇಕು ಎಂದೂ ಪ್ರತ್ಯೇಕವಾಗಿ ಹೇಳಬೇಕು. ಅದೂ ದೂರದ ಸರ್ವರ್ ಉತ್ತರ ಕೊಡುತ್ತದೆಂಬ ಭರವಸೆಯಲ್ಲ. ಜಾಲ ಇದೆಯೆಂದು ನಂಬಿ ಬರೆದ ಸ್ಕ್ರಿಪ್ಟ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಸಿಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಯತ್ನಿಸುವ ಸ್ಕ್ರಿಪ್ಟ್ ಬಾಳುತ್ತದೆ.

ಯಂತ್ರ ಎದ್ದಿತು. ಮನುಷ್ಯ ಬರಬೇಕು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಕಪ್ಪು ಪರದೆಯ ಮೇಲೆ ಹೆಸರು ಕೇಳುವ ಸಾಲು ಕಾಣುತ್ತದೆ. ಆ ಸಾಲಿನ ಒಡೆಯ ಗೆಟ್ಟಿ ಎಂಬ ಪ್ರೋಗ್ರಾಂ. ಹೆಸರು ಕೇಳುವ ಮೊದಲು ಅದು ಎಟ್‌ಸಿ ಡೈರೆಕ್ಟರಿಯ ಇಶ್ಯೂ ಕಡತವನ್ನು ತೋರಿಸುತ್ತದೆ. ಹೆಸರು ಕೊಟ್ಟ ಕೂಡಲೇ ತಾನು ಸರಿದು ಜಾಗವನ್ನು ಲಾಗಿನ್ ಪ್ರೋಗ್ರಾಂಗೆ ಬಿಟ್ಟುಕೊಡುತ್ತದೆ. ಪಾಸ್‌ವರ್ಡ್ ಸರಿಯಾದರೆ ದಿನದ ಸಂದೇಶ, ಅಂದರೆ ಎಂಒಟಿಡಿ, ಕಾಣುತ್ತದೆ, ಆಮೇಲೆ ಶೆಲ್ ಶುರುವಾಗುತ್ತದೆ. ಇಶ್ಯೂ ಕಾಣುವುದು ಪಾಸ್‌ವರ್ಡಿಗೆ ಮೊದಲು, ಎಂಒಟಿಡಿ ಕಾಣುವುದು ಪಾಸ್‌ವರ್ಡಿನ ನಂತರ. ಈ ವ್ಯತ್ಯಾಸವನ್ನು ಮರೆತವರು ಕರ್ನಲ್ ಆವೃತ್ತಿ, ಐಪಿ ವಿಳಾಸ ಎಲ್ಲವನ್ನೂ ಇಶ್ಯೂನಲ್ಲಿ ತುಂಬಿ, ಒಳಗೆ ಬರಬಾರದವರಿಗೂ ಮನೆಯ ನಕ್ಷೆ ಕೊಟ್ಟಿರುತ್ತಾರೆ.

ಎಸ್‌ಎಸ್‌ಎಚ್ ಮೂಲಕ ದೂರದಿಂದ ಬರುವವರಿಗೆ ಗೆಟ್ಟಿಯೂ ಇಲ್ಲ, ಇಶ್ಯೂವೂ ಇಲ್ಲ. ಬೇಕಿದ್ದರೆ ಬೇರೆ ಬ್ಯಾನರ್ ಹಾಕಬಹುದು. ಸಂದೇಶದ ಜತೆ ಬರುವ ಒಂದು ಸಾಲನ್ನು ಎಲ್ಲರೂ ಕಣ್ಣುಹಾಯಿಸದೆ ದಾಟುತ್ತಾರೆ: ಹಿಂದಿನ ಸಲ ನೀವು ಯಾವಾಗ, ಎಲ್ಲಿಂದ ಲಾಗಿನ್ ಆಗಿದ್ದಿರಿ ಎಂಬುದು. ನೀವು ಗಾಢ ನಿದ್ದೆಯಲ್ಲಿದ್ದ ಹೊತ್ತನ್ನು ಅದು ತೋರಿಸಿದರೆ ಮಿಕ್ಕ ಕೆಲಸವೆಲ್ಲ ಬದಿಗಿಡಬೇಕು. ಇಡೀ ಪರದೆಯಲ್ಲಿ ಅತಿ ಬೆಲೆಯುಳ್ಳ ಸಾಲು ಅದೇ.

ಶೆಲ್ ಶುರುವಾದಾಗ ಅದು ಓದುವ ಕಡತಗಳ ವಿಷಯದಲ್ಲಿ ಬ್ಯಾಶ್‌ನ ಗೊಂದಲ ಹೇಳತೀರದು. ಲಾಗಿನ್ ಶೆಲ್ ಆದರೆ ಮೊದಲು ವ್ಯವಸ್ಥೆಯ ಪ್ರೊಫೈಲ್ ಕಡತ, ಆಮೇಲೆ ನಿಮ್ಮ ಹೋಮ್‌ನಲ್ಲಿರುವ ಬ್ಯಾಶ್‌-ಪ್ರೊಫೈಲ್, ಬ್ಯಾಶ್‌-ಲಾಗಿನ್, ಪ್ರೊಫೈಲ್ ಈ ಮೂರರಲ್ಲಿ ಮೊದಲು ಸಿಕ್ಕಿದ್ದು ಒಂದು ಮಾತ್ರ. ಡೆಸ್ಕ್‌ಟಾಪ್‌ನಲ್ಲಿ ತೆರೆಯುವ ಟರ್ಮಿನಲ್ ಕಿಟಕಿ ಸಾಮಾನ್ಯವಾಗಿ ಲಾಗಿನ್ ಶೆಲ್ ಅಲ್ಲ, ಅದು ಓದುವುದು ಬ್ಯಾಶ್‌ಆರ್‌ಸಿ. ಅಂತರ್ಜಾಲದಲ್ಲಿ ಯಾರೋ ಹೇಳಿದರೆಂದು ಹೊಸದಾಗಿ ಬ್ಯಾಶ್‌-ಪ್ರೊಫೈಲ್ ಮಾಡಿದಿರೋ, ಅದುವರೆಗೆ ಕೆಲಸ ಮಾಡುತ್ತಿದ್ದ ಪ್ರೊಫೈಲ್ ಅವತ್ತಿನಿಂದ ಮೂಲೆಗುಂಪು.

ಇನ್ನೊಂದು ಹೊಂಡವಿದೆ. ಸ್ವಾಗತದ ಸಾಲೊಂದನ್ನು ಮುದ್ರಿಸುವ ಆಸೆಯಿಂದ ಬ್ಯಾಶ್‌ಆರ್‌ಸಿಯಲ್ಲಿ ಎಕೋ ಬರೆದರೆ, ಎಸ್‌ಎಫ್‌ಟಿಪಿ, ಆರ್‌ಸಿಂಕ್ ಮುಂತಾದ ಕಡತ ಸಾಗಿಸುವ ಪ್ರೋಗ್ರಾಂಗಳು ಮುಗ್ಗರಿಸಬಹುದು. ಎಸ್‌ಎಸ್‌ಎಚ್ ಮೂಲಕ ಆಜ್ಞೆಯೊಂದನ್ನು ಓಡಿಸುವಾಗಲೂ ಬ್ಯಾಶ್ ಆ ಕಡತವನ್ನು ಓದುತ್ತದೆ. ಆ ಕಡೆ ಕಾಯುತ್ತಿರುವುದು ಮನುಷ್ಯನಲ್ಲ, ಪ್ರೋಗ್ರಾಂ. ತನ್ನ ಲೆಕ್ಕದ ಬೈಟುಗಳನ್ನು ನಿರೀಕ್ಷಿಸುತ್ತಿದ್ದ ಅದಕ್ಕೆ ನಿಮ್ಮ 'ಸ್ವಾಗತ' ಸಿಗುತ್ತದೆ. ಡೆಬಿಯನ್, ಉಬುಂಟುಗಳು ಕೊಡುವ ಬ್ಯಾಶ್‌ಆರ್‌ಸಿಯ ತಲೆಯಲ್ಲೇ 'ಎದುರಿಗೆ ಮನುಷ್ಯ ಇಲ್ಲದಿದ್ದರೆ ಇಲ್ಲಿಂದಲೇ ಹಿಂದಿರುಗು' ಎಂಬ ತಪಾಸಣೆ ಇರುವುದು ಇದಕ್ಕೇ. ಬರೆಯುವುದೆಲ್ಲ ಅದರ ಕೆಳಗೆ ಬರಬೇಕು.

ಎಂಒಟಿಡಿ ಬಹುಕಾಲ ಬರಿಯ ಒಂದು ಪಠ್ಯ ಕಡತವಾಗಿತ್ತು. ಉಬುಂಟು ಅದನ್ನು ಸ್ಕ್ರಿಪ್ಟ್‌ಗಳ ಮೆರವಣಿಗೆ ಮಾಡಿತು. ಅಪ್‌ಡೇಟ್-ಎಂಒಟಿಡಿ ಹೆಸರಿನ ಡೈರೆಕ್ಟರಿಯಲ್ಲಿ ಸಂಖ್ಯೆ ಹೊತ್ತ ಸ್ಕ್ರಿಪ್ಟ್‌ಗಳಿರುತ್ತವೆ. ಲಾಗಿನ್ ಆದಾಗ ಅವು ಸಾಲಾಗಿ ಓಡಿ, ಹೇಳಿದ್ದೆಲ್ಲ ಕೂಡಿ ಸಂದೇಶವಾಗುತ್ತದೆ. ಎಷ್ಟು ಅಪ್‌ಡೇಟ್ ಬಾಕಿ, ಡಿಸ್ಕ್ ಎಷ್ಟು ತುಂಬಿದೆ, ರೀಬೂಟ್ ಬೇಕೆ ಎಂಬೆಲ್ಲ ಸಾಲುಗಳು ಬರುವುದು ಹೀಗೆ. ನೆನಪಿಡಬೇಕಾದದ್ದು: ಇವು ಓಡುವುದು ರೂಟ್ ಅಧಿಕಾರದಲ್ಲಿ, ಮತ್ತು ಇವು ಮುಗಿಯುವ ತನಕ ನಿಮಗೆ ಪ್ರಾಂಪ್ಟ್ ಇಲ್ಲ. ಹವಾಮಾನ ತರಲು ಯಾವುದೋ ಸರ್ವರನ್ನು ಕೇಳುವ ಸ್ಕ್ರಿಪ್ಟನ್ನು ಇಲ್ಲಿಟ್ಟರೆ, ಜಾಲ ಕೆಟ್ಟು ನೀವು ಗಡಿಬಿಡಿಯಲ್ಲಿ ಒಳಗೆ ಬರಬೇಕಾದ ದಿನವೇ ಅದು ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತದೆ. ಉಬುಂಟು ಈ ಸಂದೇಶಕ್ಕೆ ಸೇರಿಸುವ ಸುದ್ದಿ ಸಾಲು ಅದಕ್ಕೇ ಹಿನ್ನೆಲೆಯಲ್ಲಿ ಆಗಾಗ ಬಂದು ಕೂತಿರುತ್ತದೆ, ಲಾಗಿನ್ ಹೊತ್ತಿನಲ್ಲಿ ಓದುವುದು ಆ ಸಂಗ್ರಹವನ್ನು ಮಾತ್ರ. ಆ ಸಾಲಿನದೂ ಒಂದು ರಗಳೆ. 2017ರ ಜೂನ್‌ನಲ್ಲಿ ಎಚ್‌ಬಿಒ ವಾಹಿನಿಯ 'ಸಿಲಿಕಾನ್ ವ್ಯಾಲಿ' ಧಾರಾವಾಹಿಗೆ ಸಂಬಂಧಿಸಿದ ಬರಹವೊಂದರ ಕೊಂಡಿ ಜಗತ್ತಿನಾದ್ಯಂತ ಉಬುಂಟು ಸರ್ವರ್‌ಗಳ ಲಾಗಿನ್ ಸಂದೇಶದಲ್ಲಿ ಕಾಣಿಸಿಕೊಂಡಿತು. ಸರ್ವರ್ ನೋಡಿಕೊಳ್ಳುವವರು ಇದು ಜಾಹೀರಾತೆಂದು ಸಿಟ್ಟಾದರು. ಸಿಟ್ಟು ನ್ಯಾಯವಾದದ್ದೇ. ಆ ಜಾಗ ಯಂತ್ರದ ಮಾಲೀಕನದು.

ಸಂದೇಶದಲ್ಲಿ ಕಾಣುವ ಯಂತ್ರದ ಸ್ಥಿತಿಗತಿಯ ಮಾಹಿತಿಗೆ ಮೂಲವೇನು? ಪ್ರೋಕ್ ಎಂಬ ಡೈರೆಕ್ಟರಿ. ಪ್ರಕ್ರಿಯೆಗಳನ್ನು ಕಡತಗಳಂತೆ ತೋರಿಸುವ ಈ ಉಪಾಯವನ್ನು 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಯೂನಿಕ್ಸ್‌ನ ಎಂಟನೇ ಆವೃತ್ತಿಗಾಗಿ ಮಂಡಿಸಿದರು. ಲಿನಕ್ಸ್ ಅದನ್ನು ಬಹಳ ಹಿಗ್ಗಿಸಿತು. ಅಲ್ಲಿನ ಕಡತಗಳು ಡಿಸ್ಕಿನಲ್ಲಿಲ್ಲ, ಗಾತ್ರ ಕೇಳಿದರೆ ಬಹುತೇಕ ಸೊನ್ನೆ ಎನ್ನುತ್ತವೆ. ಓದಲು ಹೋದಾಗ ಕರ್ನಲ್ ಆ ಕ್ಷಣದ ಲೆಕ್ಕವನ್ನು ಪಠ್ಯವಾಗಿ ಬರೆದುಕೊಡುತ್ತದೆ. ಮೆಮೊರಿ, ಯಂತ್ರ ಎದ್ದು ಎಷ್ಟು ಹೊತ್ತಾಯಿತು, ಲೋಡ್ ಸರಾಸರಿ ಎಲ್ಲವೂ ಅಲ್ಲಿಂದಲೇ.

ಲೋಡ್ ಸರಾಸರಿಯ ಮೂರು ಅಂಕಿಗಳನ್ನು ತಪ್ಪಾಗಿ ಓದುವವರೇ ಹೆಚ್ಚು. ಅವು ಶೇಕಡಾ ಅಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಅಕ್ಕಿ ಅಳೆಸಿಕೊಳ್ಳುತ್ತಿರುವವರನ್ನೂ ಸಾಲಿನಲ್ಲಿ ನಿಂತವರನ್ನೂ ಒಟ್ಟಿಗೆ ಎಣಿಸಿದಂತೆ, ಸಿಪಿಯು ಮೇಲೆ ಓಡುತ್ತಿರುವ ಮತ್ತು ಅದಕ್ಕಾಗಿ ಕಾದಿರುವ ಪ್ರಕ್ರಿಯೆಗಳ ಎಣಿಕೆ ಅದು. ಸುಮಾರು ಐದು ಸೆಕೆಂಡಿಗೊಮ್ಮೆ ಎಣಿಸಿ, ಹಳೆಯದರ ತೂಕ ಕ್ರಮೇಣ ಕರಗುವಂತೆ 1, 5 ಮತ್ತು 15 ನಿಮಿಷಗಳಿಗೆ ಸರಾಸರಿ ತೆಗೆಯುತ್ತಾರೆ. ನಾಲ್ಕು ಕೋರ್‌ಗಳ ಯಂತ್ರದಲ್ಲಿ 4 ಎಂದರೆ ಎಲ್ಲರಿಗೂ ಕೈತುಂಬ ಕೆಲಸ, 12 ಎಂದರೆ ಉದ್ದ ಸಾಲು. ಆದರೆ ಲಿನಕ್ಸ್‌ನಲ್ಲಿ ಒಂದು ವಿಶೇಷವಿದೆ. 1993ರಲ್ಲಿ ಮಥಿಯಾಸ್ ಉರ್ಲಿಶ್ಸ್ ಕಳಿಸಿದ ತಿದ್ದುಪಡಿಯಿಂದ, ಡಿಸ್ಕಿಗಾಗಿ ಕಾಯುತ್ತ ಎಬ್ಬಿಸಲಾಗದ ನಿದ್ದೆಯಲ್ಲಿರುವ ಪ್ರಕ್ರಿಯೆಗಳೂ ಲೆಕ್ಕಕ್ಕೆ ಸೇರಿದವು. ಹಾಗಾಗಿ ಸಿಪಿಯು ಖಾಲಿ ಕೂತಿದ್ದರೂ, ಡಿಸ್ಕ್ ನಿಧಾನವಾದರೆ ಲೋಡ್ ಏರಬಹುದು. ಉಬುಂಟುವಿನ ಮಾಹಿತಿ ಸ್ಕ್ರಿಪ್ಟ್‌ನಲ್ಲಿ ಈ ಅಂಕಿಗೇ ಇನ್ನೊಂದು ಪಾತ್ರ: ಲೋಡ್ ಮಿತಿ ಮೀರಿದ್ದರೆ, ಲೋಡ್ ಹೆಚ್ಚಿರುವುದರಿಂದ ಮಾಹಿತಿ ತೋರಿಸುವುದಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆ ಮೌನವೂ ಮಾಹಿತಿಯೇ.

ಮೆಮೊರಿಯ ಕತೆಯೂ ಹೀಗೇ. 'ಖಾಲಿ' ಎಂಬ ಅಂಕಿ ಸದಾ ಚಿಕ್ಕದಾಗಿ ಕಂಡು ಹೊಸಬರು ಗಾಬರಿಯಾಗುತ್ತಾರೆ. ಲಿನಕ್ಸ್ ಬಳಸದ ಮೆಮೊರಿಯನ್ನು ಡಿಸ್ಕಿನ ಕಡತಗಳ ನಕಲಿಗೆ ಬಳಸಿಕೊಳ್ಳುತ್ತದೆ, ಕೇಳಿದಾಗ ಬಿಟ್ಟುಕೊಡುತ್ತದೆ. 2014ರ 3.14ನೇ ಕರ್ನಲ್‌ನಿಂದ 'ಲಭ್ಯ' ಎಂಬ ಬೇರೆ ಅಂಕಿ ಸಿಗುತ್ತಿದೆ. ತೋರಿಸುವುದಾದರೆ ಅದನ್ನು ತೋರಿಸಿ.

ಇನ್ನು, ಆ ಸಂದೇಶ ಕನ್ನಡದಲ್ಲಿರಬಹುದೆ? ಎಸ್‌ಎಸ್‌ಎಚ್ ಮೂಲಕ ಬರುವವರ ಟರ್ಮಿನಲ್ ಕನ್ನಡ ಅಕ್ಷರಗಳನ್ನು ಸರಿಯಾಗಿ ಜೋಡಿಸಬಲ್ಲದ್ದಾದರೆ ಧಾರಾಳವಾಗಿ. ಎಂಒಟಿಡಿಗೆ ಯುನಿಕೋಡ್ ಕನ್ನಡ ಬರೆದಿಟ್ಟರಾಯಿತು. ಆದರೆ ಕರ್ನಲ್‌ನ ಸ್ವಂತ ಕಪ್ಪು ಪರದೆಯಲ್ಲಿ ಆಗದು. ಅದರ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ವಿದ್ಯೆ ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಇಶ್ಯೂ ಕಡತದಲ್ಲಿ ಕನ್ನಡ ಬರೆದು ಪ್ರಯೋಜನವಿಲ್ಲ.

ಚಂದಕ್ಕಾಗಿ ಮಾಹಿತಿ ತೋರಿಸುವವರ ದಂಡು ಬೇರೆಯೇ ಇದೆ. ಹಂಚಿಕೆಯ ಲಾಂಛನವನ್ನು ಅಕ್ಷರಗಳಲ್ಲಿ ಬಿಡಿಸಿ ಪಕ್ಕದಲ್ಲಿ ಯಂತ್ರದ ಜಾತಕ ಬರೆಯುವ ನಿಯೋಫೆಚ್ ಬಹಳ ಜನಪ್ರಿಯವಾಗಿತ್ತು. ಅದರ ಕರ್ತೃ 2024ರಲ್ಲಿ ಯೋಜನೆಗೆ ಬಾಗಿಲು ಹಾಕಿ, ತಾನು ಬೇಸಾಯಕ್ಕಿಳಿದಿದ್ದೇನೆ ಎಂದು ಒಂದು ಸಾಲು ಬರೆದಿಟ್ಟರು. ಈಗ ಅದರ ಜಾಗದಲ್ಲಿ ಫಾಸ್ಟ್‌ಫೆಚ್ ಇದೆ. ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಇದು ಯಾವ ತಂಟೆಯೂ ಇಲ್ಲದ ಸಂತೋಷ. ಸರ್ವರ್‌ನಲ್ಲಿ ಬೇಡ. ಎಂದೂ ಬದಲಾಗದ ಸಿಪಿಯು ಹೆಸರನ್ನು ದಿನಕ್ಕೆ ಹತ್ತು ಸಲ ಓದಿಸಿದರೆ ಕಣ್ಣು ಇಡೀ ಸಂದೇಶವನ್ನೇ ಹಾರಿಸಿ ಮುಂದೆ ಹೋಗುವುದನ್ನು ಕಲಿಯುತ್ತದೆ, ಬದಲಾದ ಸಾಲೂ ಆಗ ಕಾಣುವುದಿಲ್ಲ. ಇದು ಯಾವ ಯಂತ್ರ, ಯಾವ ಕೆಲಸದ್ದು, ಯಾವ ಸೇವೆ ಬಿದ್ದಿದೆ, ಯಾವ ಡಿಸ್ಕ್ ತುಂಬುತ್ತಿದೆ, ರೀಬೂಟ್ ಬಾಕಿಯಿದೆಯೆ ಇಷ್ಟೇ ಸಾಕು. ಎಲ್ಲ ಸರಿಯಿದ್ದ ದಿನ ಯಂತ್ರದ ಹೆಸರೊಂದೇ ಬರಲಿ. ಅದೂ ಬೇಡವೆನ್ನುವವರು ತಮ್ಮ ಹೋಮ್‌ನಲ್ಲಿ ಹಶ್‌ಲಾಗಿನ್ ಎಂಬ ಖಾಲಿ ಕಡತ ಇಟ್ಟುಕೊಳ್ಳಬಹುದು, ಹೆಸರಿನ ಮುಂದೆ ಒಂದು ಚುಕ್ಕಿ ಇರಬೇಕು. ಆಮೇಲೆ ಸಂದೇಶ ಬರುವುದಿಲ್ಲ.

ಇವನ್ನೆಲ್ಲ ದೂರದ ಸರ್ವರ್ ಒಂದರಲ್ಲಿ ಮಾಡಿ ನೋಡುವ ಮನಸ್ಸಾದರೆ ಒಂದು ಮಾತು. ಲಾಗಿನ್‌ಗೆ ಸಂಬಂಧಿಸಿದ ಯಾವ ಕಡತ ಮುಟ್ಟುವ ಮೊದಲೂ ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಒಳಗಿದ್ದುಬಿಡಿ. ತಿದ್ದಿದ ಮೇಲೆ ಮೂರನೇ ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿ, ಪ್ರಾಂಪ್ಟ್ ಬಂದ ಮೇಲಷ್ಟೇ ಮೊದಲಿನವೆರಡನ್ನು ಮುಚ್ಚಿ.